ಕ್ಯಾಚ್ ಬಿಟ್ಟ ಹುಡುಗನ ಆಫ್‌ಸೀಸನ್: ನೆಲ್ಸನ್ ಅಗೊಲೊರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಅಮೆರಿಕನ್ ಫುಟ್‌ಬಾಲ್ ವಿಷಯ. ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಅದರಲ್ಲೂ ಒಬ್ಬನೇ ಆಟಗಾರ, ಮುಖ್ಯವಾಗಿ ಒಂದೇ ಆಫ್‌ಸೀಸನ್, ಅಂದರೆ ಪಂದ್ಯಗಳಿಲ್ಲದ ಬಿಡುವಿನ ಕಾಲ: ಫಿಲಡೆಲ್ಫಿಯಾ ಈಗಲ್ಸ್ ತಂಡದ ನೆಲ್ಸನ್ ಅಗೊಲೊರ್, 2017. ಆಟ ನೋಡಲು ಶುರು ಮಾಡಿದ ಗೆಳೆಯರು ಕೇಳುವ ಪ್ರಶ್ನೆಗಳಿಗೆ ನನಗೆ ಗೊತ್ತಿರುವಷ್ಟು ಉತ್ತರ ಇಲ್ಲಿದೆ. ಆಟಗಾರರನ್ನು ಏಕವಚನದಲ್ಲೇ ಕರೆದಿದ್ದೇನೆ. ದ್ರಾವಿಡ್ ಬಗ್ಗೆ ಮಾತಾಡುವಾಗಲೂ ನಾವು ಹಾಗೇ ಅಲ್ವಾ?

ರಿಸೀವರ್ ಅಂದ್ರೆ ಯಾರು?

ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಓಡಿಹೋಗಿ ಅದನ್ನು ಹಿಡಿಯುವವನು ರಿಸೀವರ್. ಹೇಳೋಕೆ ಇಷ್ಟೇ. ಆದರೆ ಹಿಡಿಯುವುದು ಅವನ ಕೆಲಸದ ಕೊನೆಯ ತುಣುಕು. ಅದಕ್ಕೆ ಮೊದಲು ಎಲ್ಲಿ ನಿಲ್ಲಬೇಕು, ಎಷ್ಟು ಹೆಜ್ಜೆ ಓಡಬೇಕು, ಯಾವ ಕಡೆ ತಿರುಗಬೇಕು, ಎದುರಿನವರು ಹೇಗೆ ನಿಂತಿದ್ದಾರೆ ಅನ್ನುವುದನ್ನೆಲ್ಲ ನೋಡಿಕೊಳ್ಳಬೇಕು. ಚೆಂಡು ಗಂಟೆಗೆ 80-90 ಕಿಲೋಮೀಟರ್ ವೇಗದಲ್ಲಿ ಬರುತ್ತದೆ. ಅದೇ ಹೊತ್ತಿಗೆ ನೂರು ಕಿಲೋ ತೂಕದ ಒಬ್ಬ ಅವನನ್ನು ಕೆಡವಲು ಬರುತ್ತಿರುತ್ತಾನೆ.

ಅಗೊಲೊರ್ ಯಾರು?

ಹುಟ್ಟಿದ್ದು ನೈಜೀರಿಯಾದ ಲಾಗೋಸ್‌ನಲ್ಲಿ. ಚಿಕ್ಕವನಿದ್ದಾಗಲೇ ಮನೆಯವರ ಜೊತೆ ಅಮೆರಿಕಕ್ಕೆ ಬಂದ. ಬೆಳೆದದ್ದು ಫ್ಲಾರಿಡಾದ ಟ್ಯಾಂಪಾದಲ್ಲಿ. ಕಾಲೇಜು ಫುಟ್‌ಬಾಲ್ ಆಡಿದ್ದು ಕ್ಯಾಲಿಫೋರ್ನಿಯಾದ ಯುಎಸ್‌ಸಿ ವಿಶ್ವವಿದ್ಯಾಲಯಕ್ಕೆ. ಅಲ್ಲಿ 2014ರ ಒಂದೇ ಸೀಸನ್‌ನಲ್ಲಿ 104 ಕ್ಯಾಚ್, 1313 ಯಾರ್ಡ್, 12 ಟಚ್‌ಡೌನ್. ಯಾರ್ಡ್ ಅಂದರೆ ಚೆಂಡು ಹಿಡಿದು ಮುಂದೆ ಸಾಗಿದ ದೂರ. ಟಚ್‌ಡೌನ್ ಅಂದರೆ ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿ ಅಂಕ ಗಳಿಸುವುದು. ಈ ಲೆಕ್ಕ ನೆನಪಿಟ್ಟುಕೊಳ್ಳಿ. ಕೈ ಚೆನ್ನಾಗಿಲ್ಲದವನು 104 ಕ್ಯಾಚ್ ಹಿಡಿಯುವುದಿಲ್ಲ.

2015ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವಾಗ, ಈಗಲ್ಸ್ ಅವನನ್ನು ಮೊದಲ ಸುತ್ತಿನಲ್ಲೇ, 20ನೆಯವನಾಗಿ ಆರಿಸಿತು. ಮೊದಲ ಸುತ್ತಿನ ಹುಡುಗ ಅಂದರೆ ಊರಿಗೆ ಊರೇ ಕಾಯುತ್ತಿರುತ್ತದೆ. ಫಿಲಡೆಲ್ಫಿಯಾದ ಅಭಿಮಾನಿಗಳಂತೂ ಪ್ರೀತಿ, ಬೈಗುಳ ಎರಡನ್ನೂ ಅಳತೆ ಇಲ್ಲದೆ ಕೊಡುವವರು. ಮೊದಲ ವರ್ಷ ಕಾಲಿನ ಗಾಯವೂ ಸೇರಿ ಬಂದದ್ದು 23 ಕ್ಯಾಚ್, 283 ಯಾರ್ಡ್, 1 ಟಚ್‌ಡೌನ್. ಎರಡನೇ ವರ್ಷ 36 ಕ್ಯಾಚ್, 365 ಯಾರ್ಡ್, 2 ಟಚ್‌ಡೌನ್. ಕಾಲೇಜಿನಲ್ಲಿ ಒಂದು ವರ್ಷದಲ್ಲಿ ಮಾಡಿದ್ದರ ಅರ್ಧದಷ್ಟು ಯಾರ್ಡ್ ಇಲ್ಲಿ ಎರಡು ವರ್ಷಕ್ಕೆ.

ಸಿಯಾಟಲ್‌ನಲ್ಲಿ ಏನಾಯ್ತು? ಎಲ್ಲರೂ ಅದನ್ನೇ ಎತ್ತುತ್ತಾರಲ್ಲ?

2016ರ ನವೆಂಬರ್ 20. ಸಿಯಾಟಲ್ ಸೀಹಾಕ್ಸ್ ವಿರುದ್ಧ ಆಟ. ಅಗೊಲೊರ್ ಎರಡು ತಪ್ಪು ಮಾಡಿದ. ಮಾತಾಡುವವರು ಬಿಟ್ಟ ಕ್ಯಾಚ್ ಒಂದನ್ನೇ ಹೇಳುತ್ತಾರೆ. ಇನ್ನೊಂದು ಅದಕ್ಕಿಂತ ದೊಡ್ಡದು.

ಅದರ ನಿಯಮ ಹೀಗಿದೆ. ಚೆಂಡು ಆಟಕ್ಕೆ ಬರುವ ಹೊತ್ತಿಗೆ ದಾಳಿ ಮಾಡುವ ತಂಡದ ಕನಿಷ್ಠ 7 ಮಂದಿ ಚೆಂಡು ಇಟ್ಟ ಗೆರೆಯ ಮೇಲೆ ನಿಂತಿರಬೇಕು. ಅಗೊಲೊರ್ ಗೆರೆಯ ಮೇಲೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಅದೇ ಪ್ಲೇನಲ್ಲಿ (ಚೆಂಡು ಒಂದು ಸಲ ಹೊರಟು ನಿಲ್ಲುವ ತನಕದ ಆಟ) ಅವನ ಜೊತೆಗಾರ ಜ್ಯಾಕ್ ಎರ್ಟ್ಜ್ 57 ಯಾರ್ಡ್ ದೂರದ ಟಚ್‌ಡೌನ್ ಮಾಡಿದ್ದ. ತಪ್ಪಾಗಿದೆ ಅಂತ ತೋರಿಸಲು ಅಂಪೈರ್ ಹಳದಿ ಬಟ್ಟೆ ಎಸೆದ. ಟಚ್‌ಡೌನ್ ಲೆಕ್ಕಕ್ಕೆ ಬರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತೇವಲ್ಲ, ಹಾಗೆ. ಅದೇ ದಿನ, ಹತ್ತಿರ ಯಾರೂ ಇಲ್ಲದಿದ್ದಾಗ ಕೈಗೆ ಬಂದ ಚೆಂಡನ್ನೂ ಕೆಳಗೆ ಬಿಟ್ಟ. ಈಗಲ್ಸ್ 26-15ರಲ್ಲಿ ಸೋತಿತು.

ಆಟ ಮುಗಿದ ಮೇಲೆ ಅವನು ನೆಪ ಹೇಳಲಿಲ್ಲ. ತಾನು ಅತಿಯಾಗಿ ಯೋಚಿಸುತ್ತಿದ್ದೇನೆ, ಅದರ ಭಾರವೇ ತನ್ನನ್ನು ಕೆಡಿಸುತ್ತಿದೆ ಅನ್ನುವ ಅರ್ಥದಲ್ಲಿ ಮಾತಾಡಿದ. ವಾರದ ಮೇಲೆ ಗ್ರೀನ್ ಬೇ ವಿರುದ್ಧದ ಪಂದ್ಯಕ್ಕೆ ಕೋಚ್ ಡಗ್ ಪೀಡರ್ಸನ್ ಅವನನ್ನು ಹೊರಗೆ ಕೂರಿಸಿದರು. ಗಾಯ ಏನೂ ಇರಲಿಲ್ಲ. ತಲೆ ತಣ್ಣಗಾಗಲಿ ಅಂತ.

ನನಗೆ ಅವನ ಕಥೆ ಶುರುವಾಗುವುದು ಇಲ್ಲಿಂದ. ನಿಲ್ಲುವ ಜಾಗ ತಪ್ಪಿದ್ದಕ್ಕೂ ಕೈಗೂ ಏನು ಸಂಬಂಧ? ಏನೂ ಇಲ್ಲ. ಎರಡೂ ತಪ್ಪು ಹುಟ್ಟಿದ್ದು ಒಂದೇ ಕಡೆ, ತಲೆಯಲ್ಲಿ.

ಕೋಟಿ ಕೋಟಿ ತಗೊಳ್ಳೋರಿಗೆ ಒಂದು ಕ್ಯಾಚ್ ಹಿಡಿಯೋಕೆ ಬರಲ್ವಾ?

ಬರುತ್ತದೆ. ಅಭ್ಯಾಸದಲ್ಲಿ ನೂರಕ್ಕೆ ನೂರು ಹಿಡಿಯುತ್ತಾರೆ. ಪಂದ್ಯದಲ್ಲಿ ಬಿಡಲು ಮೂರು ಮುಖ್ಯ ಕಾರಣಗಳಿವೆ.

ಒಂದು, ಕಣ್ಣು. ಚೆಂಡು ಕೈಗೆ ತಾಗುವ ಮೊದಲೇ ಕಣ್ಣು ಮುಂದಿನ ಓಟದ ದಾರಿ ಹುಡುಕುತ್ತದೆ. ಸ್ಲಿಪ್‌ನಲ್ಲಿ ನಿಂತವನು ಕ್ಯಾಚ್ ಹಿಡಿಯುವ ಮೊದಲೇ ಸಂಭ್ರಮಿಸಲು ಹೋದಂತೆ. ಚೆಂಡನ್ನು ಕಣ್ಣಲ್ಲೇ ಹಿಂಬಾಲಿಸಿ ಕಂಕುಳಿಗೆ ಸೇರುವ ತನಕ ನೋಡಬೇಕು. ಎಲ್ಲ ಕೋಚ್‌ಗಳೂ ಇದನ್ನು ಮೊದಲ ದಿನವೇ ಹೇಳುತ್ತಾರೆ. ಹತ್ತು ವರ್ಷ ಆಡಿದವರೂ ಮರೆಯುತ್ತಾರೆ.

ಎರಡು, ಕಿವಿ. ಹಿಂದಿನಿಂದ ಹೆಜ್ಜೆ ಸದ್ದು ಕೇಳಿದರೆ ಮೈ ತಾನಾಗಿ ಮುದುರಿಕೊಳ್ಳುತ್ತದೆ, ತೋಳು ಪೂರ್ತಿ ಚಾಚುವುದಿಲ್ಲ. ಇದಕ್ಕೆ ಹೇಡಿತನ ಅನ್ನುವುದು ಸುಲಭ. ಸೋಫಾದಲ್ಲಿ ಕೂತು ಹೇಳುವುದು ಇನ್ನೂ ಸುಲಭ.

ಮೂರು, ಹಿಂದಿನ ಡ್ರಾಪ್. ಹೋದ ವಾರ ಬಿಟ್ಟವನಿಗೆ ಈ ವಾರ ಚೆಂಡು ಬರುವಾಗ ಚೆಂಡು ಕಾಣುವುದಿಲ್ಲ, ಹೋದ ವಾರ ಕಾಣುತ್ತದೆ. ಬೆರಳು ಬಿಗಿಯಾಗುತ್ತದೆ. ಬಿಗಿ ಬೆರಳಿಗೆ ಬಡಿದ ಚೆಂಡು ಪುಟಿಯುತ್ತದೆ. ದ್ರಾವಿಡ್ ಟೆಸ್ಟ್‌ನಲ್ಲಿ 210 ಕ್ಯಾಚ್ ಹಿಡಿದದ್ದನ್ನು ನೋಡಿ ಬೆಳೆದವರಿಗೆ ಮೆತ್ತನೆ ಕೈ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಮಾತು. ಡ್ರಾಪ್ ಎಷ್ಟು ಅನ್ನುವುದಕ್ಕೆ ಈ ಆಟದ ದೊಡ್ಡ ಲೀಗ್ ಆದ ಎನ್‌ಎಫ್‌ಎಲ್‌ನ ಅಧಿಕೃತ ಲೆಕ್ಕ ಇಲ್ಲ. ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ರೀತಿ ಎಣಿಸುತ್ತವೆ. ಹಾಗಾಗಿ ಯಾರಾದರೂ ಡ್ರಾಪ್ ಸಂಖ್ಯೆ ಹಿಡಿದು ಜಗಳಕ್ಕೆ ಬಂದರೆ, ಯಾರ ಎಣಿಕೆ ಅಂತ ಮೊದಲು ಕೇಳಿ.

ಆಫ್‌ಸೀಸನ್ ಎಷ್ಟು ದಿನ? ಅಷ್ಟೂ ದಿನ ಅಭ್ಯಾಸಾನಾ?

ಲೀಗ್ ಪಂದ್ಯಗಳು ಜನವರಿ ಹೊತ್ತಿಗೆ ಮುಗಿಯುತ್ತವೆ. ಫೈನಲ್ ಪಂದ್ಯವಾದ ಸೂಪರ್ ಬೌಲ್ ಫೆಬ್ರವರಿಯಲ್ಲಿ. ಮಾರ್ಚ್‌ನಲ್ಲಿ ಆಟಗಾರರ ಹೊಸ ಒಪ್ಪಂದಗಳ ಸಂತೆ. ಏಪ್ರಿಲ್ ಕೊನೆಗೆ ಡ್ರಾಫ್ಟ್. ಏಪ್ರಿಲ್‌ನಿಂದ ಜೂನ್ ಮಧ್ಯದವರೆಗೆ ತಂಡದ ಜೊತೆ ಕೆಲಸ. ಆಮೇಲೆ ಐದಾರು ವಾರ ರಜೆ. ಜುಲೈ ಕೊನೆಗೆ ಕ್ಯಾಂಪ್. ಸೆಪ್ಟೆಂಬರ್‌ನಲ್ಲಿ ಮತ್ತೆ ಪಂದ್ಯ.

ತಂಡದ ಜೊತೆಗಿನ ಕೆಲಸ 9 ವಾರ ಮೀರುವಂತಿಲ್ಲ. ಅದರಲ್ಲೂ ಬಹುಪಾಲು ದಿನ ಬರುವುದು ಬಿಡುವುದು ಆಟಗಾರನ ಇಷ್ಟ. ಕಡ್ಡಾಯ ಇರುವುದು ಕೊನೆಯ ಮಿನಿ ಕ್ಯಾಂಪ್ ಮಾತ್ರ. ಕಾಗದದ ಮೇಲೆ ಇಷ್ಟ. ಫಾರ್ಮ್ ಇಲ್ಲದೆ ಎರಡು ವರ್ಷ ಕಳೆದ ಹುಡುಗ ಇಷ್ಟ ಇಲ್ಲ ಅಂತ ಮನೆಯಲ್ಲಿ ಕೂತರೆ ಏನಾಗುತ್ತದೆ ಅಂತ ಅವನಿಗೂ ಗೊತ್ತು, ಕೋಚ್‌ಗೂ ಗೊತ್ತು.

ಕೋಚ್‌ಗಳೇ ವರ್ಷಪೂರ್ತಿ ಕಲಿಸಬಹುದಲ್ವಾ?

ಇಲ್ಲ. ಆಟಗಾರರ ಸಂಘ ಮತ್ತು ಮಾಲೀಕರ ನಡುವಿನ ಒಪ್ಪಂದ ಅದಕ್ಕೆ ಬಿಡುವುದಿಲ್ಲ. 2011ರ ಒಪ್ಪಂದದಲ್ಲಿ ಆಫ್‌ಸೀಸನ್ ಕೆಲಸವನ್ನು ಇನ್ನಷ್ಟು ಕಡಿಮೆ ಮಾಡಿದರು. ದೇಹಕ್ಕೆ ಬಿಡುವು ಸಿಗಲಿ ಅಂತ. ಒಳ್ಳೆಯ ನಿಯಮವೇ. ಆದರೆ ಕಲಿಯಬೇಕಾದ ಹುಡುಗರಿಗೆ ಕಲಿಸುವವರು ಸಿಗುವ ದಿನಗಳೂ ಕಡಿಮೆಯಾದವು. ಅದಕ್ಕೇ ಇವತ್ತು ರಿಸೀವರ್‌ಗಳು ಖಾಸಗಿ ಟ್ರೇನರ್ ಹತ್ತಿರ ಹೋಗುತ್ತಾರೆ. ಕ್ವಾರ್ಟರ್‌ಬ್ಯಾಕ್‌ಗಳು ತಮ್ಮ ರಿಸೀವರ್‌ಗಳನ್ನು ಸ್ವಂತವಾಗಿ ಕರೆಸಿಕೊಳ್ಳುತ್ತಾರೆ. 2017ರ ಬೇಸಿಗೆಯಲ್ಲಿ ಈಗಲ್ಸ್‌ನ ಕಾರ್ಸನ್ ವೆಂಟ್ಜ್ ತನ್ನ ಜೊತೆಯವರನ್ನು ನಾರ್ತ್ ಡಕೋಟಾದ ಫಾರ್ಗೋಗೆ ಕರೆದೊಯ್ದಿದ್ದ. ಅವನು ಕಾಲೇಜು ಆಡಿದ ಊರು ಅದು.

ಆ ವರ್ಷ ಈಗಲ್ಸ್ ಅಗೊಲೊರ್‌ನ ಮೇಲೆ ನಂಬಿಕೆ ಇಟ್ಟಿತ್ತಾ?

ಬಾಯಲ್ಲಿ ಇಟ್ಟಿತ್ತು. ಕೈಯಲ್ಲಿ ಮಾಡಿದ್ದು ಬೇರೆ. ಮಾರ್ಚ್‌ನಲ್ಲಿ ಅಲ್ಶಾನ್ ಜೆಫ್ರಿ ಮತ್ತು ಟೋರಿ ಸ್ಮಿತ್ ಅನ್ನುವ ಇಬ್ಬರು ಪಳಗಿದ ರಿಸೀವರ್‌ಗಳನ್ನು ತಂದಿತು. ಡ್ರಾಫ್ಟ್‌ನಲ್ಲಿ ಮತ್ತಿಬ್ಬರು ಹುಡುಗರನ್ನು ಆರಿಸಿತು. ಅಗೊಲೊರ್ ಹಾಕುತ್ತಿದ್ದ 17ನೇ ನಂಬರ್ ಅಂಗಿ ಜೆಫ್ರಿಗೆ ಹೋಯಿತು. ಇವನು 13 ಹಾಕಿಕೊಂಡ.

ಮೊದಲ ಸುತ್ತಿನ ಆಟಗಾರ ಆಡದಿದ್ದರೆ ತಂಡಕ್ಕೆ ಬಿಸಿ ತುಪ್ಪ. ಉಗುಳಲೂ ಆಗದು, ನುಂಗಲೂ ಆಗದು. ಒಪ್ಪಂದದ ದುಡ್ಡು ಖಚಿತ, ಕಳಿಸಿದರೂ ಕೊಡಬೇಕು. ಹಾಗಾಗಿ ಇಟ್ಟುಕೊಂಡರು. ಆದರೆ ಕ್ಯಾಂಪ್‌ನಲ್ಲಿ 90 ಜನ ಇರುತ್ತಾರೆ, ಉಳಿಯುವುದು 53. ಇವನ ಹೆಸರು ಎರಡೂ ಪಟ್ಟಿಗಳ ನಡುವೆ ಓಡಾಡುತ್ತಿತ್ತು.

ಬದಲಾದದ್ದು ಇನ್ನೊಂದಿದೆ, ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ರಿಸೀವರ್‌ಗಳ ಕೋಚ್ ಹೊಸಬರು ಬಂದರು, ಮೈಕ್ ಗ್ರೋ. ಕೆಲಸ ಕೆಟ್ಟಾಗ ಹೊಸ ಮೇಷ್ಟ್ರು ಬರುವುದು ಎಷ್ಟು ದೊಡ್ಡ ವರ ಅಂತ ಶಾಲೆಯಲ್ಲಿ ಗಣಿತಕ್ಕೆ ಹೆದರಿದವರಿಗೆಲ್ಲ ಗೊತ್ತು. ಹಳೆಯ ಲೆಕ್ಕ ಅವರ ಹತ್ತಿರ ಇರುವುದಿಲ್ಲ.

ಕ್ಯಾಚಿಂಗ್ ಅಭ್ಯಾಸ ಅಂದ್ರೆ ನಿಜವಾಗಿ ಏನು ಮಾಡ್ತಾರೆ?

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನನಗೆ ಇಷ್ಟವಾದ ಭಾಗ ಇದು.

ಮೊದಲು ಕೈಯ ಆಕಾರ. ಚೆಂಡು ಎದೆಗಿಂತ ಮೇಲೆ ಬಂದರೆ ಎರಡು ಹೆಬ್ಬೆರಳು ಒಂದಕ್ಕೊಂದು ಹತ್ತಿರ. ಸೊಂಟಕ್ಕಿಂತ ಕೆಳಗೆ ಬಂದರೆ ಎರಡು ಕಿರುಬೆರಳು ಹತ್ತಿರ. ಕ್ರಿಕೆಟ್‌ನಲ್ಲಿ ಎತ್ತರದ ಕ್ಯಾಚ್ ಹಿಡಿಯಲು ಎರಡು ಬಗೆ ಇದೆಯಲ್ಲ, ಬೆರಳು ಮೇಲೆ ಮಾಡಿ ಹಿಡಿಯುವುದು, ಬೊಗಸೆ ಮಾಡಿ ಹಿಡಿಯುವುದು, ಅದೇ ಲೆಕ್ಕ. ಕಷ್ಟ ಬರುವುದು ಹೊಟ್ಟೆಯ ಮಟ್ಟಕ್ಕೆ ಬರುವ ಚೆಂಡಿನಲ್ಲಿ. ಕೈ ಮೇಲೋ ಕೆಳಗೋ ಅಂತ ಒಂದು ಕ್ಷಣ ಅನುಮಾನ ಬರುತ್ತದೆ. ಆ ಒಂದು ಕ್ಷಣದಲ್ಲಿ ಚೆಂಡು ಎದೆಗೆ ಬಡಿದು ಹೋಗಿರುತ್ತದೆ. ನೋಡುವವರಿಗೆ ಅತಿ ಸುಲಭದ ಕ್ಯಾಚ್ ಅನ್ನಿಸುವುದೂ ಅದೇ.

ಎರಡನೆಯದು ಎಲ್ಲಿ ಹಿಡಿಯಬೇಕು ಅನ್ನುವುದು. ಮೈಗೆ ಅಪ್ಪಿಕೊಂಡು ಹಿಡಿಯಬಾರದು. ಮೈಯಿಂದ ಮುಂದೆ, ಬರಿ ಕೈಯಲ್ಲಿ ಹಿಡಿಯಬೇಕು. ಮೈಮೇಲಿನ ಪ್ಯಾಡ್ ಗಟ್ಟಿ, ಚೆಂಡು ಪುಟಿಯುತ್ತದೆ. ಮುಂದೆ ಹಿಡಿದರೆ ಕೈಗೂ ಕಣ್ಣಿಗೂ ನಡುವೆ ಜಾಗ ಸಿಗುತ್ತದೆ.

ಮೂರನೆಯದು ಕೈ ಯಾವಾಗ ಎತ್ತಬೇಕು ಅನ್ನುವುದು. ಬೇಗ ಎತ್ತಿದರೆ ಚೆಂಡು ಬರುತ್ತಿದೆ ಅಂತ ಎದುರಿನವನಿಗೆ ಗೊತ್ತಾಗುತ್ತದೆ. ಅವನಿಗೆ ರಿಸೀವರ್‌ನ ಕೈಯೇ ಸುದ್ದಿ. ತಡವಾದರೆ ಹಿಡಿತ ತಪ್ಪುತ್ತದೆ. ಒಳ್ಳೆಯ ರಿಸೀವರ್ ಕೊನೆಯ ಗಳಿಗೆಯಲ್ಲಿ ಕೈ ತೆಗೆಯುತ್ತಾನೆ. ಇದು ಸಾವಿರಾರು ಸಲ ಮಾಡಿದ ಮೇಲೆ ಬರುವುದು.

ಇದಕ್ಕೆ ಮಾಡುವ ಕಸರತ್ತು ನೋಡಿದರೆ ನಗು ಬರುತ್ತದೆ. ಟೆನಿಸ್ ಚೆಂಡನ್ನು ಒಂದೇ ಕೈಯಲ್ಲಿ ಹಿಡಿಯುವುದು. ಮಂಡಿಯೂರಿ ಕೂತು ಹಿಡಿಯುವುದು, ಕಾಲಿನ ಸಹಾಯ ಇಲ್ಲದಂತೆ. ಕಂಬದ ಹಿಂದೆ ನಿಂತು, ಕಂಬದ ಎರಡೂ ಕಡೆಯಿಂದ ಕೈ ಚಾಚಿ ಹಿಡಿಯುವುದು. ಎಸೆಯುವವನಿಗೆ ಬೆನ್ನು ಹಾಕಿ ನಿಂತು, ಕೂಗಿದಾಗ ತಿರುಗಿ ಹಿಡಿಯುವುದು. ಹಿಡಿಯುವ ಹೊತ್ತಿಗೆ ಒಬ್ಬ ಪ್ಯಾಡ್‌ನಲ್ಲಿ ಬಡಿಯುವುದು, ಇನ್ನೊಬ್ಬ ಕಣ್ಣ ಮುಂದೆ ಕೈ ಆಡಿಸುವುದು. ಚೆಂಡಿನ ಮೇಲೆ ಅಂಕಿ ಬರೆದು, ಹಿಡಿಯುವ ಮೊದಲು ಆ ಅಂಕಿ ಓದಿ ಹೇಳು ಅನ್ನುವುದೂ ಉಂಟು.

ಜಗ್ಸ್ ಮಷಿನ್ ಅಂದ್ರೇನು?

ಎರಡು ಗಾಲಿ ಗಿರ್ರನೆ ತಿರುಗಿ ಚೆಂಡನ್ನು ಉಗುಳುವ ಯಂತ್ರ. ನೆಟ್ಸ್‌ನಲ್ಲಿ ಬೌಲಿಂಗ್ ಮಷಿನ್ ಇರುತ್ತದಲ್ಲ, ಅದರ ಅಣ್ಣ ಅಂದುಕೊಳ್ಳಿ. ಪ್ರಾಕ್ಟೀಸ್ ಮುಗಿದ ಮೇಲೆ ರಿಸೀವರ್‌ಗಳು ಇದರ ಮುಂದೆ ನಿಂತು ಹಿಡಿಯುತ್ತಲೇ ಇರುತ್ತಾರೆ.

ಪ್ರಯೋಜನ ಇದೆ. ಆದರೆ ಆಫ್‌ಸೀಸನ್ ಸುದ್ದಿಗಳಲ್ಲಿ ಈ ಮಷಿನ್‌ಗೆ ಸಿಗುವಷ್ಟು ಮರ್ಯಾದೆ ಅದಕ್ಕೆ ಸಲ್ಲದು ಅನ್ನುವುದು ನನ್ನ ಅಭಿಪ್ರಾಯ. ಮಷಿನ್ ಚೆಂಡು ಪ್ರತಿ ಸಲ ಅದೇ ಜಾಗಕ್ಕೆ, ಅದೇ ಸುತ್ತಿನಲ್ಲಿ ಬರುತ್ತದೆ. ನಿಂತು ಹಿಡಿದರೆ ಕೈ ಗಟ್ಟಿಯಾಗುತ್ತದೆ, ಕಣ್ಣು ಕಲಿಯುವುದಿಲ್ಲ. ತಿರುಗಿ ಹಿಡಿದರೆ, ಓಡುತ್ತ ಹಿಡಿದರೆ, ದೂರ ಬದಲಾಯಿಸುತ್ತ ಹಿಡಿದರೆ ಬೇರೆ ಮಾತು. ದಿನಕ್ಕೆ ಇಷ್ಟು ನೂರು ಹಿಡಿದ ಅನ್ನುವ ಸುದ್ದಿ ಓದಿದಾಗ ಹೇಗೆ ಹಿಡಿದ ಅಂತ ಕೇಳಬೇಕು.

ಜೆರ್ರಿ ರೈಸ್ ಇಟ್ಟಿಗೆ ಹಿಡಿದು ಕಲಿತನಂತೆ, ನಿಜಾನಾ?

ನಿಜ. ರೈಸ್ ಹೆಸರಾಂತ ರಿಸೀವರ್. ಅವನ ಅಪ್ಪ ಮಿಸಿಸಿಪ್ಪಿಯಲ್ಲಿ ಗಾರೆ ಕೆಲಸ ಮಾಡುತ್ತಿದ್ದರು. ಬೇಸಿಗೆಯಲ್ಲಿ ಅಣ್ಣತಮ್ಮಂದಿರು ಕೆಳಗಿನಿಂದ ಇಟ್ಟಿಗೆ ಎಸೆಯುವುದು, ಇವನು ಮೇಲೆ ನಿಂತು ಹಿಡಿಯುವುದು. ನಮ್ಮಲ್ಲಿ ಮನೆ ಕಟ್ಟುವಾಗ ಸಾರುವೆ ಮೇಲೆ ನಿಂತವರು ಹಿಡಿಯುತ್ತಾರಲ್ಲ, ಹಾಗೆಯೇ.

ಆದರೆ ಕಥೆಯ ಉಳಿದ ಭಾಗ ಯಾರೂ ಹೇಳುವುದಿಲ್ಲ. ಅಷ್ಟು ಇಟ್ಟಿಗೆ ಹಿಡಿದವನು 1985ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ 49ರ್ಸ್‌ಗೆ ಬಂದ ಮೊದಲ ತಿಂಗಳುಗಳಲ್ಲಿ ಚೆಂಡು ಬಿಡುತ್ತಲೇ ಇದ್ದ. ಸ್ವಂತ ಮೈದಾನದಲ್ಲೇ ಜನ ಕೂಗಿ ಅವಮಾನ ಮಾಡಿದರು. ತಂಡದ ಪ್ಲೇಗಳೆಲ್ಲ ಹೊಸವು. ಅವನ್ನು ನೆನಪಿಟ್ಟುಕೊಳ್ಳುವುದರಲ್ಲೇ ತಲೆ ಮುಳುಗಿತ್ತು. ಆ ವರ್ಷ 49 ಕ್ಯಾಚ್, 3 ಟಚ್‌ಡೌನ್. ಮರುವರ್ಷ 86 ಕ್ಯಾಚ್, 1570 ಯಾರ್ಡ್, 15 ಟಚ್‌ಡೌನ್. ನಿವೃತ್ತಿಯಾದಾಗ 1549 ಕ್ಯಾಚ್. ಇವತ್ತಿಗೂ ಯಾರೂ ಅದನ್ನು ದಾಟಿಲ್ಲ.

ಸ್ಯಾನ್ ಕಾರ್ಲೋಸ್ ಹತ್ತಿರದ ಗುಡ್ಡದ ದಾರಿಯಲ್ಲಿ ಅವನು ಆಫ್‌ಸೀಸನ್ ಓಡುತ್ತಿದ್ದದ್ದೂ ಹೆಸರುವಾಸಿ. ಸುಮಾರು ಎರಡೂವರೆ ಮೈಲಿ ಏರು. ಜೊತೆಗೆ ಓಡಲು ಬಂದವರು ಅರ್ಧಕ್ಕೇ ವಾಂತಿ ಮಾಡಿಕೊಂಡ ಕಥೆಗಳಿವೆ.

ರೂಟ್ ಅಂತಾರಲ್ಲ, ಅದೇನು?

ರಿಸೀವರ್ ಓಡುವ ದಾರಿ. ಸಾಮಾನ್ಯವಾಗಿ 0ಯಿಂದ 9ರವರೆಗೆ ಅಂಕಿ ಕೊಟ್ಟಿರುತ್ತಾರೆ. 2 ಅಂದರೆ ಓರೆಯಾಗಿ ಒಳಗೆ. 9 ಅಂದರೆ ನೇರ ಮುಂದಕ್ಕೆ, ತಿರುಗಿ ನೋಡದೆ. ಹೆಜ್ಜೆ ಒಂದು ಹೆಚ್ಚಾದರೆ ಚೆಂಡು ಬೆನ್ನ ಹಿಂದೆ ಬೀಳುತ್ತದೆ, ಟೀವಿಯಲ್ಲಿ ತಪ್ಪು ಎಸೆದವನದ್ದು ಅನ್ನಿಸುತ್ತದೆ.

2017ರಲ್ಲಿ ಅಗೊಲೊರ್ ಬದಲಾದದ್ದು ಅಭ್ಯಾಸದಿಂದಾನಾ, ಜಾಗ ಬದಲಾದದ್ದರಿಂದಾನಾ?

ಅತಿ ಹೆಚ್ಚು ಜಗಳ ಆಗುವ ಪ್ರಶ್ನೆ. ನನ್ನ ಉತ್ತರ: ಎರಡೂ, ಆದರೆ ಈ ಕ್ರಮದಲ್ಲಿ.

ಜೂನ್ ಹೊತ್ತಿಗೇ ಅಭ್ಯಾಸ ನೋಡಿದವರು ಇವನು ಬೇರೆಯಾಗಿ ಕಾಣುತ್ತಿದ್ದಾನೆ ಅನ್ನಲು ಶುರು ಮಾಡಿದ್ದರು. ತಪ್ಪು ಮಾಡಿದರೆ ಮುಂಚಿನ ಹಾಗೆ ತಲೆ ತಗ್ಗಿಸುತ್ತಿರಲಿಲ್ಲ, ಮುಂದಿನ ಚೆಂಡಿಗೆ ಹೋಗುತ್ತಿದ್ದ. ಅವನೂ ಆಟವನ್ನು ಮತ್ತೆ ಖುಷಿಯಿಂದ ಆಡುವುದರ ಬಗ್ಗೆ ಮಾತಾಡುತ್ತಿದ್ದ. ಆಗಸ್ಟ್ 11ರಂದು ಈಗಲ್ಸ್ ತನ್ನ ಸ್ಲಾಟ್ ರಿಸೀವರ್ ಜಾರ್ಡನ್ ಮ್ಯಾಥ್ಯೂಸ್‌ನನ್ನು ಬಫಲೋ ತಂಡಕ್ಕೆ ಕೊಟ್ಟು ರಕ್ಷಣೆಯ ಆಟಗಾರ ರೊನಾಲ್ಡ್ ಡಾರ್ಬಿಯನ್ನು ತಂದಿತು. ಆ ಜಾಗ ಅಗೊಲೊರ್‌ಗೆ ಸಿಕ್ಕಿತು. ಹೋದ ವರ್ಷದ ಅಗೊಲೊರ್ ಆಗಿದ್ದರೆ ಮ್ಯಾಥ್ಯೂಸ್‌ನನ್ನು ಬಿಟ್ಟುಕೊಡುವ ಧೈರ್ಯ ಯಾರೂ ಮಾಡುತ್ತಿರಲಿಲ್ಲ ಅಂತ ನನ್ನ ಲೆಕ್ಕ.

ಸ್ಲಾಟ್ ಅಂದರೆ ಮೈದಾನದ ಅಂಚಿನಲ್ಲಲ್ಲ, ಒಳಗಡೆ ನಿಲ್ಲುವ ಜಾಗ. ಅಂಚಿನಲ್ಲಿ ಗೆರೆಯ ಮೇಲೆ ನಿಂತವನನ್ನು ಎದುರಿನವನು ಮೊದಲ 5 ಯಾರ್ಡ್ ಒಳಗೆ ಕೈಯಿಂದ ತಳ್ಳಬಹುದು, ತಡೆಯಬಹುದು. ಪಕ್ಕದಲ್ಲಿ ಹೊರಗೆರೆ, ಓಡಲು ಒಂದೇ ಕಡೆ. ಸ್ಲಾಟ್‌ನಲ್ಲಿ ಗೆರೆಗಿಂತ ಸ್ವಲ್ಪ ಹಿಂದೆ ನಿಲ್ಲುತ್ತಾನೆ. ತಳ್ಳಲು ಬರುವವನು ದೂರ. ಎಡಕ್ಕೂ ಹೋಗಬಹುದು, ಬಲಕ್ಕೂ ಹೋಗಬಹುದು. ಆರಡಿ ಎತ್ತರ, ಚುರುಕು ಕಾಲು ಇರುವವನಿಗೆ ಹೇಳಿ ಮಾಡಿಸಿದ ಜಾಗ. ಗೆರೆಯ ಮೇಲೆ ನಿಂತಿದ್ದೇನಾ ಇಲ್ವಾ ಅನ್ನುವ ತಲೆನೋವೂ ಕಡಿಮೆ. ಸಿಯಾಟಲ್ ನೆನಪಾಯಿತಾ?

ಪಂದ್ಯಗಳಲ್ಲಿ ಏನಾಯ್ತು?

ಸೆಪ್ಟೆಂಬರ್ 10, ಮೊದಲ ಪಂದ್ಯ, ವಾಷಿಂಗ್ಟನ್ ವಿರುದ್ಧ. ಮೊದಲ ಸರದಿಯಲ್ಲೇ ವೆಂಟ್ಜ್ ಹಿಡಿಯಲು ಬಂದವರಿಂದ ತಪ್ಪಿಸಿಕೊಂಡು ಉದ್ದಕ್ಕೆ ಎಸೆದ. 58 ಯಾರ್ಡ್, ಟಚ್‌ಡೌನ್. ಹಿಡಿದವನು ಅಗೊಲೊರ್. ಆ ಪ್ಲೇನಲ್ಲಿ ಬರೆದಿಟ್ಟ ರೂಟ್ ಮುರಿದು ಹೋಗಿತ್ತು. ಯೋಚಿಸಲು ಸಮಯವೇ ಇರಲಿಲ್ಲ, ಓಡಿದ, ಹಿಡಿದ.

ಸೀಸನ್ ಮುಗಿದಾಗ 62 ಕ್ಯಾಚ್, 768 ಯಾರ್ಡ್, 8 ಟಚ್‌ಡೌನ್. ಹಿಂದಿನ ಎರಡು ವರ್ಷ ಸೇರಿಸಿದರೂ 59 ಕ್ಯಾಚ್, 648 ಯಾರ್ಡ್, 3 ಟಚ್‌ಡೌನ್.

ಆಮೇಲೆ 2018ರ ಫೆಬ್ರವರಿ 4, ಮಿನಿಯಾಪೊಲಿಸ್‌ನಲ್ಲಿ ಸೂಪರ್ ಬೌಲ್. ನಮಗೆ ಸೋಮವಾರ ಬೆಳಗ್ಗೆ ಐದು ಗಂಟೆ. ವೆಂಟ್ಜ್ ಗಾಯಗೊಂಡು ಹೊರಗಿದ್ದ, ನಿಕ್ ಫೋಲ್ಸ್ ಎಸೆಯುತ್ತಿದ್ದ. ಈಗಲ್ಸ್ 41-33ರಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡವನ್ನು ಸೋಲಿಸಿತು. ಈಗಲ್ಸ್‌ಗೆ ಅದು ಮೊದಲ ಸೂಪರ್ ಬೌಲ್ ಗೆಲುವು. ಆ ದಿನ ತಂಡದಲ್ಲಿ ಅತಿ ಹೆಚ್ಚು ಕ್ಯಾಚ್ ಹಿಡಿದವನು ಅಗೊಲೊರ್, 9 ಕ್ಯಾಚ್, 84 ಯಾರ್ಡ್. ಹಿಂದೆ ಬಿದ್ದಿದ್ದಾಗ ಕೊನೆಯ ಹೊತ್ತಿನಲ್ಲಿ ಗೆಲುವಿನ ಟಚ್‌ಡೌನ್‌ಗೆ ದಾರಿ ಮಾಡಿದ ಆ ಸರದಿಯಲ್ಲಿ ಫೋಲ್ಸ್ ಮತ್ತೆ ಮತ್ತೆ ಇವನತ್ತಲೇ ಎಸೆದ. ಟಚ್‌ಡೌನ್ ಹಿಡಿದವನು ಎರ್ಟ್ಜ್. ಸಿಯಾಟಲ್‌ನಲ್ಲಿ ಇವನ ತಪ್ಪಿಗೆ ಟಚ್‌ಡೌನ್ ಕಳಕೊಂಡ ಅದೇ ಎರ್ಟ್ಜ್.

ಹಾಗಾದ್ರೆ ಆಫ್‌ಸೀಸನ್‌ನಲ್ಲಿ ಕೋಚ್ ಹೊಗಳಿದರೆ ನಂಬಬಹುದಾ?

ಡವಾಂಟೆ ಆಡಮ್ಸ್ ಕಥೆ ಕೇಳಿ. ಗ್ರೀನ್ ಬೇ 2014ರಲ್ಲಿ ಎರಡನೇ ಸುತ್ತಿನಲ್ಲಿ ಆರಿಸಿದ ಹುಡುಗ. 2015ರ ಬೇಸಿಗೆಯಲ್ಲಿ ಕೋಚ್ ಮೈಕ್ ಮೆಕಾರ್ತಿ ಅವನ ಆಫ್‌ಸೀಸನ್ ಕೆಲಸವನ್ನು ಬಾಯಿತುಂಬ ಹೊಗಳಿದರು. ಆ ಸೀಸನ್‌ನಲ್ಲಿ ಬಂದದ್ದು 50 ಕ್ಯಾಚ್, 483 ಯಾರ್ಡ್, ಒಂದೇ ಒಂದು ಟಚ್‌ಡೌನ್. ಕಾಲಿನ ಗಾಯ ಇತ್ತು, ಡ್ರಾಪ್‌ಗಳೂ ಇದ್ದವು. ಅವನನ್ನು ಕಳಿಸಿಬಿಡಿ ಅಂದವರು ಕಡಿಮೆ ಇರಲಿಲ್ಲ. ಮರುವರ್ಷ ಹೊಗಳಿಕೆ ಅಷ್ಟು ಇರಲಿಲ್ಲ. ಬಂದದ್ದು 75 ಕ್ಯಾಚ್, 997 ಯಾರ್ಡ್, 12 ಟಚ್‌ಡೌನ್. ಮುಂದೆ 2020ರಿಂದ ಮೂರು ವರ್ಷ ಸತತವಾಗಿ, ಆ ವರ್ಷದ ಅತ್ಯುತ್ತಮ ಆಟಗಾರರ ಪಟ್ಟಿಯಾದ ಆಲ್-ಪ್ರೊ ಮೊದಲ ತಂಡದಲ್ಲಿದ್ದ.

ಅವನ ಗುಟ್ಟು ಕೈಯಲ್ಲ, ಕಾಲು. ಗೆರೆಯಿಂದ ಹೊರಡುವ ಮೊದಲ ಎರಡು ಮೂರು ಹೆಜ್ಜೆ. ಎದುರಿನವನಿಗೆ ಎಡವೋ ಬಲವೋ ತಿಳಿಯದಂತೆ ನಿಂತಲ್ಲೇ ಕುಣಿದು, ಅವನ ಸೊಂಟ ತಿರುಗಿದ ಕ್ಷಣ ಇನ್ನೊಂದು ಕಡೆ ಹೋಗಿರುತ್ತಾನೆ. ಬ್ಯಾಸ್ಕೆಟ್‌ಬಾಲ್ ಆಡಿ ಬೆಳೆದವನ ಕಾಲು ಅದು.

ಬೇಸಿಗೆಯಲ್ಲಿ ಮೈಮೇಲೆ ಬೀಳುವವರು ಯಾರೂ ಇರುವುದಿಲ್ಲ. ಬರಿ ಚಡ್ಡಿ ಬನಿಯನ್‌ನಲ್ಲಿ ಎಲ್ಲರೂ ಚೆನ್ನಾಗಿ ಕಾಣುತ್ತಾರೆ.

ಕಷ್ಟಪಟ್ಟವರೆಲ್ಲ ಸುಧಾರಿಸ್ತಾರಾ?

ಇಲ್ಲ. ಲಕ್ವಾನ್ ಟ್ರೆಡ್‌ವೆಲ್‌ನನ್ನು 2016ರಲ್ಲಿ ಮಿನೆಸೋಟಾ ವೈಕಿಂಗ್ಸ್ 23ನೆಯವನಾಗಿ ಆರಿಸಿತು. ಮೊದಲ ವರ್ಷ 1 ಕ್ಯಾಚ್. ಹೌದು, ಒಂದೇ. ಅವನು ಮೈಗಳ್ಳ ಅಂತ ಯಾರೂ ಹೇಳಲಿಲ್ಲ, ಮಷಿನ್ ಮುಂದೆ ಗಂಟೆಗಟ್ಟಲೆ ನಿಲ್ಲುವವನೇ. ಮೂರನೇ ವರ್ಷಕ್ಕೂ 35 ಕ್ಯಾಚ್ ದಾಟಲಿಲ್ಲ. ಓಟದ ವೇಗ ಕಡಿಮೆ ಇತ್ತು, ಎದುರಿನವನಿಂದ ಬಿಡಿಸಿಕೊಳ್ಳಲು ಆಗುತ್ತಿರಲಿಲ್ಲ. ಅದಕ್ಕೆ ಕೈ ಅಭ್ಯಾಸ ಏನು ಮಾಡೀತು?

ಅಗೊಲೊರ್ ಕಥೆಯೂ ಸೂಪರ್ ಬೌಲ್‌ನಲ್ಲಿ ಮುಗಿಯಲಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಮತ್ತೆ ಕ್ಯಾಚ್ ಬಿಡಲು ಶುರು ಮಾಡಿದ. ಅದೇ ತಿಂಗಳು ಫಿಲಡೆಲ್ಫಿಯಾದಲ್ಲಿ ಒಂದು ಕಟ್ಟಡಕ್ಕೆ ಬೆಂಕಿ ಬಿತ್ತು. ಮೇಲಿನಿಂದ ಬಿಟ್ಟ ಮಕ್ಕಳನ್ನು ಕೆಳಗೆ ನಿಂತು ಹಿಡಿದವರಲ್ಲಿ ಒಬ್ಬರು ಟೀವಿ ಮುಂದೆ, ನಾವು ಅಗೊಲೊರ್ ಥರ ಅಲ್ಲ, ಹಿಡಿದೆವು ಅನ್ನುವ ಹಾಗೆ ಚುಚ್ಚಿದರು. ಆ ತುಣುಕು ಊರೆಲ್ಲ ಹರಡಿತು. ಅಗೊಲೊರ್ ಅವರನ್ನು ಹೀರೋ ಅಂದು, ತವರಿನ ಮುಂದಿನ ಪಂದ್ಯಕ್ಕೆ ಕರೆದ. 2016ರ ಅಗೊಲೊರ್ ಹಾಗೆ ಮಾಡುತ್ತಿದ್ದನಾ? ನನಗೆ ಅನುಮಾನ.

ಆ ವರ್ಷದ ನಂತರ ಈಗಲ್ಸ್ ಬಿಟ್ಟ. 2020ರಲ್ಲಿ ಲಾಸ್ ವೇಗಸ್ ರೇಡರ್ಸ್‌ಗೆ 896 ಯಾರ್ಡ್, 8 ಟಚ್‌ಡೌನ್. ಯಾರ್ಡ್ ಲೆಕ್ಕದಲ್ಲಿ ಅದು 2017ಕ್ಕಿಂತ ದೊಡ್ಡ ವರ್ಷ. ಅದೂ ಸ್ಲಾಟ್‌ನಲ್ಲಿ ನಿಂತಲ್ಲ, ಹೆಚ್ಚಾಗಿ ಅಂಚಿನಲ್ಲಿ ನಿಂತು ಉದ್ದಕ್ಕೆ ಓಡಿ. ಜಾಗದಿಂದಲೇ ಸುಧಾರಿಸಿದ ಅನ್ನುವವರಿಗೆ ಈ ವರ್ಷವನ್ನು ತೋರಿಸುತ್ತೇನೆ.

ಇಲ್ಲಿಂದ ಪಂದ್ಯ ಯಾವಾಗ ನೋಡಬಹುದು?

ಭಾನುವಾರದ ಮೊದಲ ಪಂದ್ಯಗಳು ನಮಗೆ ರಾತ್ರಿ 10:30ಕ್ಕೆ. ನವೆಂಬರ್‌ನಲ್ಲಿ ಅಲ್ಲಿ ಗಡಿಯಾರ ಹಿಂದಿಟ್ಟ ಮೇಲೆ 11:30ಕ್ಕೆ.

ನಾವು ಅಮೆರಿಕದಲ್ಲಿದ್ದೇವೆ. ಮಗ ಹೈಸ್ಕೂಲ್‌ನಲ್ಲಿ ರಿಸೀವರ್. ತುಂಬಾ ಡ್ರಾಪ್ ಮಾಡ್ತಿದ್ದಾನೆ. ಬೇಸಿಗೆ ರಜೆಯಲ್ಲಿ ಏನು ಮಾಡಿಸಲಿ?

ಶಾಲೆಯ ಕೋಚ್‌ನ ಮಾತು ಮೊದಲು, ನನ್ನದು ಆಮೇಲೆ. ಮನೆಯ ಹಿತ್ತಿಲಲ್ಲಿ ಅಪ್ಪ ಅಮ್ಮನೇ ಮಾಡಿಸಬಹುದಾದದ್ದು ಇಷ್ಟಿದೆ.

ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕು. ಟೆನಿಸ್ ಚೆಂಡಿನಿಂದ ಶುರು ಮಾಡಿ, ಬಲಗೈ, ಎಡಗೈ. ಆಮೇಲೆ ಹತ್ತಿರದಿಂದ ನಿಜವಾದ ಚೆಂಡು, ಮಂಡಿಯೂರಿ. ಹಿಡಿದ ಪ್ರತಿ ಚೆಂಡನ್ನೂ ಕಂಕುಳಿಗೆ ಸೇರಿಸಿದ ಮೇಲೇ ಮುಂದಿನದು ಎಸೆಯಿರಿ. ಹಿಡಿದು ನೆಲಕ್ಕೆ ಹಾಕುವ ಅಭ್ಯಾಸ ಬಂದರೆ ಕಣ್ಣು ಮೊದಲೇ ಆಚೆ ಹೋಗುತ್ತದೆ. ನಿಮಗೆ ಚೆನ್ನಾಗಿ ಎಸೆಯಲು ಬರದಿದ್ದರೆ ಒಳ್ಳೆಯದೇ ಆಯಿತು, ಕೆಟ್ಟದಾಗಿ ಬರುವ ಚೆಂಡು ಹಿಡಿಯಲು ಕಲಿಯುತ್ತಾನೆ. ಸುಸ್ತಾದ ಮೇಲೆ ಕೊನೆಯ ಐದು ಚೆಂಡು ಓಡಿಸಿ ಹಿಡಿಸಿ. ಟೆಕ್ಸಾಸ್, ಅರಿಜೋನಾ ಕಡೆ ಇದ್ದರೆ ಬೆಳಗ್ಗೆ ಬೇಗ ಮುಗಿಸಿ, ನೀರು ಪಕ್ಕದಲ್ಲಿರಲಿ.

ಊರಲ್ಲಿ ಬೇಸಿಗೆಯ ಸೆವೆನ್-ಆನ್-ಸೆವೆನ್ ಆಟ ಇದ್ದರೆ ಸೇರಿಸಿ. ಕೆಡವುವುದು ಇಲ್ಲ, ಬರೀ ಎಸೆತ ಮತ್ತು ಕ್ಯಾಚ್. ಒಂದು ಮಧ್ಯಾಹ್ನಕ್ಕೆ ಶಾಲೆಯ ಹಲವು ಪಂದ್ಯಗಳಲ್ಲಿ ಸಿಗುವಷ್ಟು ಚೆಂಡು ಅವನತ್ತ ಬರುತ್ತದೆ.

ಬಿಟ್ಟಾಗ "ಅಯ್ಯೋ" ಅನ್ನಬೇಡಿ. ನಾವು ಅಪ್ಪಂದಿರು ಸುಮ್ನೆ ಇರುವುದು ಕಷ್ಟ, ಗೊತ್ತು. ಬಿಟ್ಟ ಮೇಲೆ ಮಾತಿಲ್ಲದೆ ಇನ್ನೊಂದು ಎಸೆಯಿರಿ.

ಚೆಂಡು ಯಾವುದು ತಗೊಳ್ಳಲಿ?

14 ದಾಟಿದ್ದರೆ ದೊಡ್ಡವರ ಅಳತೆಯದ್ದು. 12ರಿಂದ 14ಕ್ಕೆ ಯೂತ್, ಅದಕ್ಕಿಂತ ಚಿಕ್ಕವರಿಗೆ ಜೂನಿಯರ್ ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ. ಹೊಸ ಚರ್ಮದ ಚೆಂಡು ಮೇಣ ಸವರಿದ ಹಾಗೆ ಜಾರುತ್ತದೆ. ಬ್ರಷ್‌ನಿಂದ ಚೆನ್ನಾಗಿ ಉಜ್ಜಿ, ಕೆಲವು ದಿನ ಎಸೆದಾಡಿ ಪಳಗಿಸಿ. ಮಗ ಹೊಸ ಚೆಂಡನ್ನು ಮೊದಲ ದಿನವೇ ಬಿಟ್ಟರೆ ಆ ದಿನ ಮಾತ್ರ ತಪ್ಪು ಚೆಂಡಿನದು.